ಕಾರ್ಯಯೋಜನೆಯ ಮೂಲತತ್ತ್ವಗಳು

ವಿಜಯಪುರದಲ್ಲಿ ಗೋಳಗುಮ್ಮಟವನ್ನು ನೋಡಿದವರು ಬಾರಾ ಕಮಾನನ್ನೂ ನೋಡಿ ಬರುವುದುಂಟು. ಮೊದಲನೆಯದು ಮಹಮ್ಮದ್ ಆದಿಲ್ ಶಾಹನ ಗೋರಿ. ಎರಡನೆಯದು ಅವನ ತರುವಾಯ ಆಳಿದ ಎರಡನೆಯ ಅಲಿ ಆದಿಲ್ ಶಾಹನದು. ಒಂದರ ಮೇಲೆ ಗುಮ್ಮಟ ನಿಂತಿದೆ; ಇನ್ನೊಂದರಲ್ಲಿ ಕಮಾನುಗಳಷ್ಟೇ ನಿಂತಿವೆ. 1672ರಲ್ಲಿ ಅಲಿಯು ತೀರಿಕೊಂಡಾಗ ಅದು ಪೂರ್ತಿಯಾಗಿರಲಿಲ್ಲ, ಮುಂದೆಯೂ ಪೂರ್ತಿಯಾಗಲಿಲ್ಲ. ಕುಶಲತೆಯ ಕೊರತೆ ಆ ಊರಿನಲ್ಲಿರಲಿಲ್ಲವೆಂಬುದಕ್ಕೆ ಗೋಳಗುಮ್ಮಟವೇ ಸಾಕ್ಷಿ. ಕೆಲಸ ಬಲ್ಲವರಿದ್ದರೆ ಸಾಲದು. ಕಾಲದ ಲೆಕ್ಕವೂ ಕೂಡಿಬರಬೇಕು.

ಈ ಲೆಕ್ಕವನ್ನು ನಾವು ಇಂದಿನ ಕೆಲಸವೊಂದರಲ್ಲಿ ನೋಡೋಣ. ವಿಜಯಪುರದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ ಇವೆ. ದ್ರಾಕ್ಷಿ ಬೆಳೆಯುವ, ಆದರೆ ಮಳೆ ಕಡಮೆಯಾದ ಸೀಮೆ ಇದು. ನೀರು ತಾನಾಗಿ ಇಳಿಯುವುದೇ ಹೊರತು ಏರದು. ಆದುದರಿಂದ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಮೇಲೆತ್ತಬೇಕಾಯಿತು. ಅಂಥದೇ ಒಂದು ಚಿಕ್ಕ ಯೋಜನೆಯನ್ನು ಪಾಠಕ್ಕಾಗಿ ಕಲ್ಪಿಸಿಕೊಳ್ಳೋಣ. ಮುಂದಿನ ಅಂಕಿಗಳೆಲ್ಲವೂ ಕಲ್ಪಿತ.

ಮೊದಲನೆಯ ತತ್ತ್ವ: ಗುರಿಯನ್ನು ಅಳತೆಯಲ್ಲಿ ಹೇಳಬೇಕು. 'ಕೆರೆ ತುಂಬಿಸಬೇಕು' ಎಂಬುದು ಆಸೆ. '10 ಲಕ್ಷ ಘನ ಮೀಟರು ನೀರನ್ನು 80 ಮೀಟರು ಎತ್ತರಕ್ಕೆ, ಹೊಳೆ ತುಂಬಿ ಹರಿಯುವ 100 ದಿನಗಳೊಳಗೆ ಏರಿಸಬೇಕು' ಎಂಬುದು ಗುರಿ.

ಎರಡನೆಯದು: ಗುರಿಗೆ ಬೇಕಾದ ಸಾಧನವನ್ನು ಎಣಿಸಬೇಕು. ನೀರಿನ ರಾಶಿ 100 ಕೋಟಿ ಕಿಲೋಗ್ರಾಂ. ಇದನ್ನು 9.8ರಿಂದಲೂ 80ರಿಂದಲೂ ಗುಣಿಸಿದರೆ ಕೆಲಸವು ಜೌಲುಗಳಲ್ಲಿ ದೊರೆಯುತ್ತದೆ. ಅದು ಸುಮಾರು 2.18 ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ. ಪಂಪು ದಿನಕ್ಕೆ 20 ಗಂಟೆಯಂತೆ 100 ದಿನ ನಡೆದರೆ 2000 ಗಂಟೆ. ಆಗ ಬೇಕಾದ ಸಾಮರ್ಥ್ಯ 109 ಕಿಲೋವಾಟ್. ಯಂತ್ರದ ದಕ್ಷತೆ ನೂರಕ್ಕೆ 70 ಎಂದರೆ 156 ಕಿಲೋವಾಟ್.

ಮೂರನೆಯದು: ಯಾವ ಕೆಲಸ ಯಾವುದರ ನಂತರ ಎಂಬುದನ್ನು ನಿಶ್ಚಯಿಸಬೇಕು. ಸಮೀಕ್ಷೆಗೆ 2 ತಿಂಗಳು. ಅದು ಮುಗಿದೊಡನೆ ಮೂರು ಕೆಲಸಗಳನ್ನು ಒಟ್ಟಿಗೆ ಆರಂಭಿಸಬಹುದು: ಭೂಮಿಯನ್ನು ಪಡೆಯಲು 4 ತಿಂಗಳು, ಪಂಪು ತರಿಸಲು 7, ವಿದ್ಯುತ್ ತಂತಿ ಎಳೆಯಲು 4. ಭೂಮಿ ದೊರೆತ ಮೇಲೆ ಕೊಳವೆ ಹೂಳಲು 5 ತಿಂಗಳು, ಪಂಪುಮನೆ ಕಟ್ಟಲು 3. ಪಂಪು ಬಂದು ಪಂಪುಮನೆಯೂ ಸಿದ್ಧವಾದ ಮೇಲೆ ಜೋಡಣೆಗೆ 1; ಎಲ್ಲವೂ ಮುಗಿದ ಮೇಲೆ ಪರೀಕ್ಷೆಗೆ 1.

ಇಲ್ಲಿ ನಾಲ್ಕು ಸರಪಳಿಗಳಿವೆ. ಭೂಮಿ-ಕೊಳವೆಯ ಸರಪಳಿಗೆ 2+4+5+1, ಅಂದರೆ 12 ತಿಂಗಳು. ಪಂಪಿನದಕ್ಕೆ 11, ಪಂಪುಮನೆಯದಕ್ಕೂ 11, ವಿದ್ಯುತ್ತಿನದಕ್ಕೆ 7. ಅತಿ ಉದ್ದವಾದ ಸರಪಳಿಯೇ ಇಡೀ ಯೋಜನೆಯ ಕಾಲವನ್ನು ನಿರ್ಣಯಿಸುತ್ತದೆ. ಇದಕ್ಕೆ ನಿರ್ಣಾಯಕ ಪಥವೆಂದು ಹೆಸರು. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯ ಕೆಲಸಕ್ಕಾಗಿ ಮಾರ್ಗನ್ ವಾಕರ್ ಮತ್ತು ಜೇಮ್ಸ್ ಕೆಲಿ ಎಂಬವರು ಈ ವಿಧಾನವನ್ನು ರೂಪಿಸಿದರು.

ಇದರ ಫಲವನ್ನು ಗಮನಿಸಿರಿ. ಹೆಚ್ಚು ಹಣ ತೆತ್ತು ಪಂಪನ್ನು ಒಂದು ತಿಂಗಳು ಮೊದಲೇ ತರಿಸಿದರೆ ಲಾಭವೇನೂ ಇಲ್ಲ. ಅದು ಮನೆಯಿಲ್ಲದೆ ಕಾಯುತ್ತಿರುತ್ತದೆ. ಎರಡು ತಂಡಗಳನ್ನು ಹಚ್ಚಿ ಕೊಳವೆಯ ಕೆಲಸವನ್ನು 5ರಿಂದ 3 ತಿಂಗಳಿಗೆ ಇಳಿಸಿದರೆ? ಎರಡು ತಿಂಗಳು ಉಳಿಯಿತೆಂದು ತೋರುತ್ತದೆ. ನಿಜವಾಗಿ ಉಳಿಯುವುದು ಒಂದೇ. ಆಗ 11 ತಿಂಗಳ ಸರಪಳಿಗಳು ನಿರ್ಣಾಯಕವಾಗುತ್ತವೆ.

ನಾಲ್ಕನೆಯದು: ಬಿಡುವನ್ನು ಇರಿಸಿಕೊಳ್ಳಬೇಕು. ಜುಲೈ ಮೊದಲಲ್ಲಿ ಆರಂಭವಾದ ಕೆಲಸ ಮುಂದಿನ ಜೂನ್ ಕೊನೆಗೆ ಮುಗಿಯಿತೆನ್ನೋಣ. ನಮ್ಮ 100 ದಿನಗಳು ಜುಲೈ ನಡುವಿನಲ್ಲಿ ಮೊದಲಾಗುತ್ತವೆಯಾದರೆ ಬಿಡುವು ಕೇವಲ 15 ದಿನ. ಭೂಮಿಯ ಕೆಲಸ 2 ತಿಂಗಳು ತಡವಾಯಿತೆಂದರೆ ಪಂಪು ಸಿದ್ಧವಾಗುವುದು ಆಗಸ್ಟ್ ಕೊನೆಗೆ. ಉಳಿಯುವ ದಿನಗಳು 50ರ ಆಸುಪಾಸು. ಅದೇ ನೀರನ್ನು ಅರ್ಧ ಕಾಲದಲ್ಲಿ ಎತ್ತಲು ಇಮ್ಮಡಿ ಸಾಮರ್ಥ್ಯ ಬೇಕು. ನಾವು ಕೊಂಡದ್ದು 156 ಕಿಲೋವಾಟ್. ಆದುದರಿಂದ ಕೆರೆ ಅರ್ಧವೇ ತುಂಬುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದು. ತಡವು 4 ತಿಂಗಳಾದರೆ ಆ ವರ್ಷ ಒಂದು ಹನಿಯೂ ಇಲ್ಲ. ಹೊಳೆಯು ನಮ್ಮ ಪಂಚಾಂಗಕ್ಕಾಗಿ ಕಾಯದು.

ನಕ್ಷೆಯ ಮೇಲೆ ಕೊಳವೆಯ ಗೆರೆಯನ್ನು ಒಂದು ದಿನದಲ್ಲಿ ಎಳೆಯಬಹುದು. ಆ ಗೆರೆ ಹಾಯುವ ಹೊಲದ ಒಡೆಯನ ಒಪ್ಪಿಗೆ ಒಂದು ದಿನದಲ್ಲಿ ದೊರೆಯದು. ಅವನೊಡನೆ ಮಾತಾಡುವುದೂ ಯೋಜನೆಯ ಒಂದು ಕೊಂಡಿಯೇ; ನಮ್ಮ ಲೆಕ್ಕದಲ್ಲಿ ಅದೇ ನಿರ್ಣಾಯಕವಾದ ಕೊಂಡಿ. ಇದನ್ನರಿತ ವ್ಯವಸ್ಥಾಪಕನು ಪಂಪಿನ ಬೆಲೆಪಟ್ಟಿಯಷ್ಟೇ ಶ್ರದ್ಧೆಯಿಂದ ಆ ಹೊಲದ ಬದುವಿಗೂ ಹೋಗುತ್ತಾನೆ. ಸಮೀಕ್ಷೆಯನ್ನು ಜುಲೈಗೆ ಬದಲು ಮೇ ತಿಂಗಳಿನಲ್ಲಿಯೇ ಆರಂಭಿಸುತ್ತಾನೆ.

ವಾಚಕರು ಎರಡು ಲೆಕ್ಕಗಳನ್ನು ತಾವೇ ಮಾಡಿನೋಡಲಿ. ವಿದ್ಯುತ್ ತಂತಿಯ ಕೆಲಸ 3 ತಿಂಗಳು ತಡವಾದರೆ ಯೋಜನೆ ಎಷ್ಟು ತಡವಾಗುತ್ತದೆ? ಪಂಪು 3 ತಿಂಗಳು ತಡವಾದರೆ ಎಷ್ಟು? ಎರಡು ಉತ್ತರಗಳೂ ಒಂದೇ ಅಲ್ಲವೆಂಬುದು ತಿಳಿದರೆ ಈ ಪಾಠದ ತಿರುಳು ತಿಳಿದಂತೆ.