ಲೆಟರ್‌ಹೆಡ್ಡಿಗಿಂತ ಮೊದಲು ಪ್ರಶ್ನೆ

ಮಗಾ, ಊರಿನವರೆಲ್ಲ ನಿನ್ನನ್ನು ಈಗ ‘ಎಮ್ಮೆಲ್ಲೆ ಸಾಹೇಬ್ರು’ ಅನ್ನತೊಡಗಿದ್ದಾರೆ. ನಿಮ್ಮಪ್ಪ, ನಾನು ಒಂದೇ ಹಾಸ್ಟೆಲ್ಲಿನ ಸಾರು ಉಂಡವರು. ನನಗೆ ಆ ಮರ್ಯಾದೆಯ ಹಂಗಿಲ್ಲ. ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಮುಂದೆ ಕೂತು, ಶೀಘ್ರಲಿಪಿಯಲ್ಲಿ ನಡಾವಳಿ ಬರೆದುಕೊಂಡೇ ಹೊಟ್ಟೆ ಹೊರೆದವನು ನಾನು. ಯಾರು ಓದಿಕೊಂಡು ಬಂದಿದ್ದಾರೆ, ಯಾರು ಸಹಿ ಹಾಕಿ ಲಾಂಜಿಗೆ ಹೋದರು ಅನ್ನೋದು ಆ ಜಾಗದಿಂದ ಚೆನ್ನಾಗಿ ಕಾಣುತ್ತದೆ.

ಇನ್ನು ಮೇಲೆ ಬೆಳಕು ಹರಿಯುವ ಮೊದಲೇ ನಿನ್ನ ಜಗಲಿ ತುಂಬುತ್ತದೆ. ವರ್ಗಾವಣೆಗೆ ಶಿಫಾರಸು ಪತ್ರ, ಸ್ಟೇಷನ್ನಿಗೊಂದು ಫೋನು, ಬಗರ್‌ಹುಕುಂ ಅರ್ಜಿ, ಆಸ್ಪತ್ರೆ ಬಿಲ್ಲು, ಮದುವೆ, ತಿಥಿ. ಯಾರನ್ನೂ ಗದರಬೇಡ, ಬೇರೆ ಬಾಗಿಲು ಮುಚ್ಚಿದ ಮೇಲೇ ಅವರು ನಿನ್ನ ಬಾಗಿಲಿಗೆ ಬಂದಿರುತ್ತಾರೆ. ಆದರೆ ಇದೇ ಶಾಸಕನ ಕೆಲಸ ಅಂತ ನಂಬಿಬಿಡಬೇಡ. ತಹಶೀಲ್ದಾರ್ ಮಾಡಬೇಕಾದ ಕೆಲಸಕ್ಕೆ ನಿನ್ನ ಪತ್ರ ಬೇಕಾಯಿತು ಅಂದರೆ ಅಲ್ಲೇನೋ ಕೆಟ್ಟಿದೆ. ಪತ್ರ ಕೊಡುತ್ತಲೇ ಹೋದರೆ ಆ ಕೆಟ್ಟದ್ದು ನಿನಗೇ ಅನುಕೂಲವಾಗಿ ಕಾಣತೊಡಗುತ್ತದೆ. ಶಿಫಾರಸು ಮಾಡಿಸೋದಕ್ಕೆ ಜನರಿಗೆ ಮಾಜಿ ಶಾಸಕರಿದ್ದಾರೆ, ಮಂತ್ರಿಗಳ ಭಾವಮೈದುನರಿದ್ದಾರೆ. ವಿಧಾನಸಭೆಯಲ್ಲಿ ಎದ್ದು ನಿಂತು ಮಂತ್ರಿಯ ಬಾಯಿಂದ ಉತ್ತರ ಪಡೆಯುವ ಅಧಿಕಾರ ಮಾತ್ರ ಅದರ 224 ಸದಸ್ಯರಿಗೇ.

ಹೀಗೆ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆಯ ಶಕ್ತಿ ಹೊಸಬರಿಗೆ ಗೊತ್ತಿರೋದಿಲ್ಲ. ‘ನನ್ನ ತಾಲ್ಲೂಕಿನ ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ’ ಅಂತ ಮೂರು ಸಾಲು ಬರೆದುಕೊಟ್ಟರೆ ಸಾಕು. ಅದು ಇಲಾಖೆಗೆ ಹೋಗಿ, ಜಿಲ್ಲೆಗೆ ಇಳಿದು, ತಾಲ್ಲೂಕು ಕಚೇರಿ ಮುಟ್ಟುತ್ತದೆ; ವರ್ಷಗಟ್ಟಲೆ ಮಲಗಿದ್ದ ಕಡತ ಎದ್ದು ಕೂರುತ್ತದೆ. ಸದನಕ್ಕೆ ಸುಳ್ಳು ಉತ್ತರ ಕೊಟ್ಟರೆ ಹಕ್ಕುಚ್ಯುತಿಯಾದೀತು ಅನ್ನೋ ಅಂಜಿಕೆ ಅಧಿಕಾರಿಗಳಿಗೆ ಇದ್ದೇ ಇರುತ್ತದೆ. ಮಂತ್ರಿ ಉತ್ತರ ಓದಿದ ಮೇಲೆ ಉಪಪ್ರಶ್ನೆ ಕೇಳಬಹುದು. ನಿಜವಾದ ಪೆಟ್ಟು ಅಲ್ಲಿರೋದು. ಅದಕ್ಕೆ ಉತ್ತರದ ಪ್ರತಿಯನ್ನು ಮೊದಲೇ ಓದಿ ಅಂಕಿಗಳಿಗೆ ಗೆರೆ ಎಳೆದಿಟ್ಟುಕೊಂಡಿರಬೇಕು. ಪ್ರಶ್ನೆಯ ಪಾಳಿ ಬರಲಿಲ್ಲವೇ? ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ನಿಯಮ 351ರ ಸೂಚನೆಯೂ ಇದೆ. ನಿಯಮಾವಳಿಯ ಪುಸ್ತಕ ದಪ್ಪವೇನಲ್ಲ. ಜನಮೆಚ್ಚಿದ ಭಾಷಣಕಾರರೇ ಅದನ್ನು ತೆರೆದು ನೋಡಿರೋದಿಲ್ಲ ಅನ್ನೋದು ನನ್ನ ಹಳೆಯ ಗೊಣಗಾಟ. ಮೇಜು ಕುಟ್ಟಿ ಸದನದ ಬಾವಿಗಿಳಿದರೆ ಸಂಜೆ ಟೀವಿಯಲ್ಲಿ ಬರುತ್ತೀಯ, ನಿಜ. ಆದರೆ ಅದೇ ಗದ್ದಲದ ನಡುವೆ ಎರಡು ಮಸೂದೆ ಚರ್ಚೆಯಿಲ್ಲದೆ ಪಾಸಾಗಿರುತ್ತವೆ.

ಶಾಂತವೇರಿ ಗೋಪಾಲಗೌಡರನ್ನು ಹಳೆಯ ನಡಾವಳಿಗಳಲ್ಲಿ ಓದು. ಶಾಸಕರ ಗ್ರಂಥಾಲಯದಲ್ಲಿ ಸಂಪುಟಗಳಿವೆ, ಅಲ್ಲಿ ನೂಕುನುಗ್ಗಲೂ ಇರೋದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. 1951ರಲ್ಲಿ ಕಾಗೋಡಿನ ರೈತರು, ಗೇಣಿ ಅಳೆಯುವ ಕೊಳಗವೇ ದೊಡ್ಡದು ಅಂತ ತಿರುಗಿಬಿದ್ದಾಗ ಇವರು ಅವರ ಜೊತೆಗೆ ನಿಂತರು. ಮರುವರ್ಷವೇ ಆ ಸೀಮೆಯಿಂದ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. ಓಟು ಕೇಳಿದವರ ಹತ್ತಿರವೇ ಚುನಾವಣೆ ಖರ್ಚಿಗೂ ಕೈಚಾಚಿದ ಕಾಲ ಅದು. 1957ರಲ್ಲಿ ಸೋತರು, 1962, 1967ರಲ್ಲಿ ಮತ್ತೆ ಗೆದ್ದರು. ಮಂತ್ರಿಯಾಗಲಿಲ್ಲ. ಗದ್ದೆಯಲ್ಲಿ ಶುರುವಾದ ಕೊಳಗದ ಜಗಳವನ್ನು ಸದನದೊಳಕ್ಕೆ ತಂದು ಗೇಣಿದಾರನ ಪ್ರಶ್ನೆ ಆರದ ಹಾಗೆ ನೋಡಿಕೊಂಡರು. 1972ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಹೋದರು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಉಳುವವನಿಗೆ ಭೂಮಿ ಸಿಕ್ಕಿದ್ದನ್ನು ನೋಡಲು ಅವರಿರಲಿಲ್ಲ. ಶಾಸಕನ ಕೆಲಸ ಹೀಗೂ ಇರುತ್ತದಪ್ಪ, ಅಡಿಗಲ್ಲಿನ ಮೇಲೆ ಹೆಸರು ಬಾರದಂಥದ್ದು.

ದುಡ್ಡಿನ ಮಾತು. ಅಭ್ಯರ್ಥಿಯ ಚುನಾವಣಾ ಖರ್ಚಿಗೆ ಕಾನೂನಿನ ಮಿತಿ 40 ಲಕ್ಷ ರೂಪಾಯಿ. ಅದರಾಚೆ ಎಷ್ಟಾಯಿತು ಅಂತ ನಾನು ಕೇಳೋದಿಲ್ಲ, ನೀನೂ ಹೇಳಬೇಡ. ಕೊಟ್ಟವರು ಯಾರೂ ಸುಮ್ಮನೆ ಕೊಟ್ಟಿರೋದಿಲ್ಲ; ಮೊದಲ ವರ್ಷವೇ ಟೆಂಡರಿನ ರೂಪದಲ್ಲಿ ಬರುತ್ತಾರೆ. ಒಬ್ಬರಿಗೆ ಇಲ್ಲ ಅಂದು ನೋಡು, ಉಳಿದವರಿಗೆ ಅನ್ನೋದು ಸಲೀಸಾಗುತ್ತದೆ.

ಪಕ್ಷ ಬಿಡಿಸುವ ರೆಸಾರ್ಟಿನ ಕರೆಯೂ ಬರಬಹುದು. 2019ರಲ್ಲಿ 17 ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಉಪಚುನಾವಣೆಗೆ ನಿಲ್ಲಲು ಮಾತ್ರ ಬಿಟ್ಟಿತು. ‘ಆಮೇಲೆ ಅವರಲ್ಲಿ ಎಷ್ಟೋ ಜನ ಗೆದ್ದು ಮಂತ್ರಿಗಳಾದರಲ್ಲ ದೊಡ್ಡಪ್ಪ’ ಅನ್ನುತ್ತೀಯ. ಆದರು. ಆ ನಡುವೆ ಅವರ ಕ್ಷೇತ್ರಗಳ ಪರವಾಗಿ ಸದನದಲ್ಲಿ ಕೇಳುವವರೇ ಇರಲಿಲ್ಲ.

ಇನ್ನೊಂದು, ಸೋಲು. ಅದಕ್ಕೂ ಸಿದ್ಧನಿರು. ನಿನ್ನ ಹೆಂಡತಿ ಕಾಲೇಜಿನ ಕೆಲಸ ಬಿಡುತ್ತಾಳೆ ಅಂತ ಕೇಳಿದೆ. ಬಿಡಿಸಬೇಡ. ಮನೆಯ ಅಕ್ಕಿಬೇಳೆ ಕುರ್ಚಿಯನ್ನು ನಂಬಿಕೊಂಡಿರಬಾರದು. ಕುರ್ಚಿ ಹೋದೀತು ಅನ್ನೋ ಹೆದರಿಕೆಯಲ್ಲೇ ಒಳ್ಳೆಯವರು ಕೆಡೋದನ್ನು ಕಂಡಿದ್ದೇನೆ.

ಅಧಿವೇಶನ ಹತ್ತಿರ ಬಂತು. ಪ್ರಶ್ನೆಗಳ ಸೂಚನಾಪತ್ರವನ್ನು ಗಡುವಿನೊಳಗೇ ಕೊಡಬೇಕು, ಆಪ್ತ ಸಹಾಯಕನ ಮೇಲೆ ಬಿಡಬೇಡ. ಆಸ್ಪತ್ರೆಯ ಖಾಲಿ ಹುದ್ದೆಗಳ ಪಟ್ಟಿ ತರಿಸಿಕೊಂಡು ಭಾನುವಾರ ನಮ್ಮನೆಗೆ ಬಾ, ಕರಡು ಇಬ್ಬರೂ ಕೂತು ಬರೆಯೋಣ. ಹಿಂದೆ ಮುಂದೆ ಓಡಾಡುವ ಆ ನಾಲ್ಕು ಕಾರುಗಳನ್ನು ಮಾತ್ರ ಊರ ಹೊರಗೇ ಬಿಟ್ಟು ಬಾ, ನಮ್ಮ ಬೀದಿ ಕಿರಿದು.