ದುರಸ್ತಿಗಾಗಿ ನಿಲ್ಲುವ ಜೀವಕೋಶ

ಹಾನಗಲ್ಲು, ಶಿಗ್ಗಾಂವಿ ಕಡೆಯ ಭತ್ತದ ಗದ್ದೆಗಳಲ್ಲಿ ಎಲೆಗಳ ಮೇಲೆ ಕಂದು ಅಂಚಿನ, ಬೂದು ನಡುವಿನ, ಕಣ್ಣಿನಾಕಾರದ ಚುಕ್ಕೆಗಳು ಮೂಡುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಇದೇ ಬೆಂಕಿ ರೋಗ. ಇದಕ್ಕೆ ಕಾರಣ ಒಂದು ಶಿಲೀಂಧ್ರ. ಇದರ ವಿರುದ್ಧ ಸಿಂಪಡಿಸುತ್ತ ಬಂದಿರುವ ಔಷಧಿಗಳಲ್ಲಿ ಕಾರ್ಬೆಂಡಾಜಿಮ್ ಒಂದು. ಜೀವಕೋಶವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ವಿಭಜನೆ ನಿಂತು, ಶಿಲೀಂಧ್ರದ ಬೆಳವಣಿಗೆಯೂ ನಿಲ್ಲುತ್ತದೆ.

ಇದೇ ವಸ್ತು ಇನ್ನೊಂದು ಶಿಲೀಂಧ್ರದ ಪ್ರಾಣವನ್ನು ಉಳಿಸಿತೆಂದರೆ ನಂಬುವಿರಾ?

ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಕೂಡ ಶಿಲೀಂಧ್ರವೇ. ಕ್ಷ-ಕಿರಣ ತಾಗಿ, ಆನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ. ಎಳೆ ತುಂಡಾದರೆ, ಯೀಸ್ಟ್ ಜೀವಕೋಶವು ವಿಭಜನೆಯನ್ನು ತಡೆಹಿಡಿದು, ಎಳೆಯನ್ನು ಬೆಸೆದುಕೊಂಡು, ಅನಂತರ ಮುಂದುವರಿಯುತ್ತದೆ. 1988ರಲ್ಲಿ ಅಮೆರಿಕದ ವಿಜ್ಞಾನಿಗಳಾದ ವೈನರ್ಟ್ ಮತ್ತು ಹಾರ್ಟ್‌ವೆಲ್ 'ರಾಡ್-9' ಎಂಬ ಜೀನು ಕೆಟ್ಟ ಯೀಸ್ಟನ್ನು ಪರೀಕ್ಷಿಸಿದರು. ಈ ಉತ್ಪರಿವರ್ತಿತ ಜೀವಕೋಶಗಳು ನಿಲ್ಲಲಿಲ್ಲ. ತುಂಡಾದ ಎಳೆಯೊಡನೆಯೇ ವಿಭಜನೆಗೊಂಡು ಸತ್ತವು.

ಅವುಗಳ ದುರಸ್ತಿ ಶಕ್ತಿಯೇ ನಷ್ಟವಾಗಿತ್ತೆ, ಅಥವಾ ವೇಳೆ ಸಾಲದೆ ಹೋಗಿತ್ತೆ? ಇದನ್ನರಿಯಲು ವಿಜ್ಞಾನಿಗಳು ಕ್ಷ-ಕಿರಣ ತಾಗಿದ ಜೀವಕೋಶಗಳ ವಿಭಜನೆಯನ್ನು ಕಾರ್ಬೆಂಡಾಜಿಮ್‌ನಿಂದ ಕೆಲವು ಗಂಟೆಗಳ ಕಾಲ ತಡೆದಿಟ್ಟು, ಬಳಿಕ ಔಷಧಿಯನ್ನು ತೆಗೆದುಬಿಟ್ಟರು. ಬದುಕುಳಿದವುಗಳ ಸಂಖ್ಯೆ ಬಹಳ ಹೆಚ್ಚಿತು! ದುರಸ್ತಿಯ ಸಲಕರಣೆ ಅವುಗಳಲ್ಲಿ ಇದ್ದೇ ಇತ್ತು, ಇಲ್ಲದಿದ್ದುದು ಬಿಡುವು. ಆ ಬಿಡುವನ್ನು ಒದಗಿಸುವುದೇ 'ರಾಡ್-9' ಜೀನಿನ ಕೆಲಸವೆಂದು ಇದರಿಂದ ತಿಳಿಯಿತು.

ಜೀವಕೋಶ ವಿಭಜನೆಯ ನಿಯಂತ್ರಣವನ್ನು ಕುರಿತ ಶೋಧಗಳಿಗಾಗಿ ಹಾರ್ಟ್‌ವೆಲ್ಲರು 2001ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಮ್ಮ ದೇಹದ ಜೀವಕೋಶಗಳಲ್ಲಿಯೂ ಇಂತಹ ತನಿಖೆಯ ಘಟ್ಟಗಳಿವೆ. ಅವು ಕೆಟ್ಟಲ್ಲಿ ದೋಷಗಳು ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತ ಹೋಗಿ, ಅರ್ಬುದ ರೋಗಕ್ಕೆ ದಾರಿಯಾಗಬಹುದು.