ಹಳೇ ಗ್ರೈಂಡರ್ ಕೊಳ್ಳುವ ಮುಂಚೆ, ಮಾರುವ ಮುಂಚೆ



ಸಂಘದ ಸಾಲದಿಂದ ದೋಸೆ ಹಿಟ್ಟಿನ ವ್ಯಾಪಾರ ಅಥವಾ ಇಸ್ತ್ರಿ ಕೆಲಸ ಶುರುಮಾಡುವಾಗ ನಾವು ಮೊದಲು ವಿಚಾರಿಸುವುದು ಸೆಕೆಂಡ್‌ಹ್ಯಾಂಡ್ ಸಾಮಾನನ್ನೇ. ದುಡ್ಡು ಉಳಿಯುತ್ತದೆ, ತಪ್ಪೇನಿಲ್ಲ. ಆದರೆ ಒಂದು ಸಲ ಸ್ವಿಚ್ ಹಾಕಿ, "ಓಡುತ್ತಲ್ಲಾ" ಅಂತ ದುಡ್ಡು ಕೊಟ್ಟುಬಿಟ್ಟರೆ ಸಾಲದು. ಚೆನ್ನಾಗಿ ಓಡುವ ಮೆಷಿನ್ ಕೂಡ ಶಾಕ್ ಹೊಡೆಯಬಹುದು.

ಮೊದಲು ಪ್ಲಗ್ ನೋಡಿ. ಲೋಹದ ಮೈ ಇರುವ ಗ್ರೈಂಡರಿಗೆ, ಇಸ್ತ್ರಿ ಪೆಟ್ಟಿಗೆಗೆ ಮೂರು ಪಿನ್ ಇರಲೇಬೇಕು. ದಪ್ಪಗೆ ಉದ್ದ ಇರುವುದು ಅರ್ಥ್ ಪಿನ್. ಸಿಕ್ಕಿಸುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು, ಅದಕ್ಕೇ ಉದ್ದ. ಒಳಗೆ ವೈರು ಸುಲಿದು ಮೈಗೆ ತಾಗಿದರೆ ಕರೆಂಟು ಈ ದಾರಿಯಲ್ಲಿ ನೆಲಕ್ಕೆ ಹೋಗಿ ಫ್ಯೂಸ್ ಹಾರುತ್ತದೆ. ಆ ಪಿನ್ನೇ ಮುರಿದಿದ್ದರೆ ಕರೆಂಟಿಗೆ ಸಿಗುವ ದಾರಿ ನಮ್ಮ ಒದ್ದೆ ಕೈ. ಪಿನ್ ಇದ್ದ ಮಾತ್ರಕ್ಕೂ ನಂಬಬೇಡಿ, ಒಳಗೆ ಹಸಿರು ವೈರು ಕಿತ್ತುಹೋಗಿರಬಹುದು. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನೋಡಿಸಿ: ದೊಡ್ಡ ಪಿನ್ನಿಗೂ ಮೈಗೂ ಸಂಪರ್ಕ ಇರಬೇಕು, ಉಳಿದೆರಡಕ್ಕೂ ಮೈಗೂ ಇರಕೂಡದು. ಮಿಕ್ಸಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಮಾತ್ರ ಎರಡು ಪಿನ್ ಸಾಕು. ಅದನ್ನು ಇಮ್ಮಡಿ ರಕ್ಷಣೆ ಕೊಟ್ಟೇ ತಯಾರಿಸಿರುತ್ತಾರೆ. ನಮ್ಮ ಮನೆಯಲ್ಲೂ ಅರ್ಥ್ ಇರಬೇಕು ಅನ್ನಿ, ಇಲ್ಲದಿದ್ದರೆ ಇಷ್ಟೆಲ್ಲಾ ನೋಡಿಯೂ ವ್ಯರ್ಥ.

ವೈರಿಗೆ ಅಲ್ಲಲ್ಲಿ ಟೇಪ್ ಸುತ್ತಿದ್ದರೆ ವೈರನ್ನೇ ಬದಲಿಸಿ.

ಮೈಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಸುಮಾರಾಗಿ ಆಂಪಿಯರ್ ಸಿಗುತ್ತದೆ. 750 ವ್ಯಾಟ್ ಇಸ್ತ್ರಿಗೆ 3 ಚಿಲ್ಲರೆ, 6 ಆಂಪಿಯರ್ ಸಾಕೆಟ್ ಸಾಕು. 2000 ವ್ಯಾಟ್ ಹೀಟರಿಗೆ 9ರ ಹತ್ತಿರ, 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡು, ಕರೆಂಟ್ ಒಲೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಜೊತೆಗಿರುವ ಸಿ.ಎಂ./ಎಲ್. ನಂಬರನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯ ಲೈಸೆನ್ಸ್ ಅಂತ ತಿಳಿಯುತ್ತದೆ. ಹಳೇ ರಾಡು ಮಾತ್ರ ಪುಕ್ಕಟೆ ಕೊಟ್ಟರೂ ಬೇಡವೇ ಬೇಡ.

ಇನ್ನು ಮಾರುವ ವಿಷಯ. "ಸ್ವಲ್ಪ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಆಯ್ತು" ಅಂತ ನಾವು ಸುಧಾರಿಸಿಕೊಂಡದ್ದನ್ನು ಇನ್ನೊಬ್ಬಳ ಮನೆಗೆ ದಾಟಿಸುವುದು ಯಾವ ನ್ಯಾಯ? ರಿಪೇರಿ ಮಾಡಿಸಿಯೇ ಮಾರಿ. ರಿಪೇರಿ ಆಗದಿದ್ದರೆ ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ವೈರನ್ನು ಬುಡದಲ್ಲೇ ಕತ್ತರಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮತ್ತೆ ಯಾರೂ ಹಾಗೇ ಸಿಕ್ಕಿಸಿ ಓಡಿಸಲಾರರು. ಮಾರಿದ್ದಕ್ಕೆ ಒಂದು ಚೀಟಿ ಬರೆಯಿರಿ: ಮಾಡೆಲ್, ಸೀರಿಯಲ್ ನಂಬರ್, ಬೆಲೆ, ತಾರೀಖು, ಏನೇನು ಬದಲಾಗಿದೆ, ಏನು ದೋಷ ಇದೆ, ಇಬ್ಬರ ಸಹಿ. ಸಾಲ ಕೇಳಿದವರು ಆ ಚೀಟಿಯನ್ನು ವಾರದ ಸಭೆಗೆ ತರಲಿ, ನೋಡಿದ ಮೇಲೆ ಹಣ ಕೊಡಿ.